ಎರಡನೇ ಸಲ ಹುಟ್ಟಿದ ಅಡುಗೆ ರಮಣಣ್ಣ

ಶೃಂಗೇರಿಯಲ್ಲಿ ತಿಥಿಯ ಅಡುಗೆಗೆ ಜನ ಬೇಕೆಂದು ಯಾರನ್ನೇ ಕೇಳಿ, ಪೇಟೆಯ ಹಿಂದಿನ ಓಣಿಯ ಕಡೆಗೆ ಕೈ ತೋರಿಸುತ್ತಾರೆ. ವೆಂಕಟರಮಣ ಎಂದರೆ ಯಾರಿಗೂ ತಿಳಿಯಲಿಕ್ಕಿಲ್ಲ. ಅಡುಗೆ ರಮಣಣ್ಣ ಎನ್ನಬೇಕು. ಮದುವೆ ಮುಂಜಿಗೆ ಕರೆದರೂ ಹೋದಾನು, ಆದರೆ ಕರೆಯುವವರೇ ಕಡಿಮೆ. ಸತ್ತವರ ಊಟಕ್ಕೆ ಹೆಸರಾದ ಕೈಯಲ್ಲಿ ಮದುವೆಯ ಲಾಡು ಕಟ್ಟಿಸಲು ಹೆಣ್ಣು ಹೆತ್ತವರಿಗೆ ಅಳುಕು. ರಮಣಣ್ಣನಿಗೆ ಅದರ ಬೇಜಾರಿರಲಿಲ್ಲ. "ಮದುವೇಲಿ ಉಪ್ಪು ಹೆಚ್ಚಾದ್ರೆ ಊರೆಲ್ಲ ಬೈತದೆ ಮಾರಾಯ. ತಿಥೀಲಿ ಉಂಡವ್ರು ಸುಮ್ನೆ ಕೈ ತೊಳ್ದು ಹೋಗ್ತಾರೆ" ಎನ್ನುತ್ತಿದ್ದ. ಆದರೂ ಅವನ ಅಡುಗೆಯಲ್ಲಿ ಉಪ್ಪು ತಪ್ಪಿದ್ದನ್ನು ಯಾರೂ ಕಂಡಿಲ್ಲ. ತಿಥಿಯ ಅಡುಗೆಯನ್ನು ಬಡಿಸುವ ಮೊದಲು ರುಚಿ ನೋಡುವಂತಿಲ್ಲವಲ್ಲ, ಮೂಗಿನಲ್ಲೇ ಅಳೆಯಬೇಕು.

ಇಂಥವನಿಗೆ ಬದುಕಿರುವಾಗಲೇ ಎಳ್ಳುನೀರು ಬಿಟ್ಟರು. ಬಿಟ್ಟವಳು ಹೊರಗಿನವಳಲ್ಲ, ಅಗ್ನಿ ಸುತ್ತಿ ತಂದ ಹೆಂಡತಿ ನಾಗವೇಣಿ.

ನಾಗವೇಣಿಯ ತವರು ನರಸಿಂಹರಾಜಪುರದ ಕಡೆ. ಅವಳ ಅಪ್ಪನ ಊರು ಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಅವಳು ಹುಟ್ಟುವ ಮೊದಲಿನ ಮಾತು ಅದು. ಆದರೆ ಆ ಮನುಷ್ಯ ಮಗಳನ್ನು ದಡದಲ್ಲಿ ನಿಲ್ಲಿಸಿಕೊಂಡು ನೀರಿಗೆ ಬೆರಳು ತೋರಿಸುತ್ತಿದ್ದ. "ಅಲ್ಲಿ ನಮ್ಮ ಅಂಗಳ, ಅಲ್ಲಿ ಬಾವಿ, ಅದರಾಚೆ ಗಣಪತಿ ಗುಡಿ." ಮಗುವಿಗೆ ಕಾಣುವುದು ನೀರೊಂದೇ. ಬೇರೆ ಮಕ್ಕಳಿಗೆ ಪ್ರಳಯವೆಂದರೆ ಪುರಾಣ, ಇವಳಿಗೆ ಅದು ತನ್ನ ಮನೆಯ ವಿಳಾಸ. ಊರೊಂದು ನೀರಿನ ಕೆಳಗೆ ಹೋಗಬಹುದೆಂದು ಇಂಥವಳನ್ನು ನಂಬಿಸಲು ದೊಡ್ಡ ಪಾಂಡಿತ್ಯವೇನೂ ಬೇಕಿರಲಿಲ್ಲ.

ನಂಬಿಸುವವನೂ ಬಂದ. ಕರೋನಾದ ವರ್ಷ ಶೃಂಗೇರಿಗೆ ಯಾತ್ರಿಕರು ಬರುವುದು ನಿಂತು, ತಿಥಿಗಳೆಲ್ಲ ಮನೆಯೊಳಗೇ ಮುಗಿದು, ರಮಣಣ್ಣ ಕೊಪ್ಪರಿಗೆಗಳನ್ನು ಬೋರಲು ಹಾಕಿ ಕುಳಿತಿದ್ದ. ನಾಗವೇಣಿ ಮೊಬೈಲು ಹಿಡಿದಳು. ಮೊದಮೊದಲು ಭಜನೆ, ಆಮೇಲೆ ಪ್ರವಚನ, ಅದಾದ ಮೇಲೆ ಬಿಳಿ ಪಂಚೆಯ ಒಬ್ಬ ಗಡ್ಡದವನು. ಎಲ್ಲಿಂದಲೋ ಬಂದು ಹಿನ್ನೀರಿನ ದಡದ ಗುಡ್ಡದ ಮೇಲೆ ತಗಡಿನ ಶೆಡ್ಡು ಕಟ್ಟಿಸಿಕೊಂಡಿದ್ದ ಅವನನ್ನು ಭಕ್ತರು 'ದೊಡ್ಡಣ್ಣ' ಎನ್ನುತ್ತಿದ್ದರು. ಕಲಿಯುಗ ಮುಗಿಯುತ್ತ ಬಂದಿದೆ, ಮಹಾಲಯ ಅಮಾವಾಸ್ಯೆಯ ದಿನ ನೀರು ಏಳುತ್ತದೆ, ಈ ಗುಡ್ಡ ಮಾತ್ರ ಉಳಿಯುತ್ತದೆ. ಅವನ ಉಪದೇಶವೆಲ್ಲ ಇಷ್ಟೇ. ಯಾವ ಮಹಾಲಯ ಎಂದು ಮಾತ್ರ ಜಾಣ ಬಹುಕಾಲ ಹೇಳಲಿಲ್ಲ.

ರಮಣಣ್ಣ ಮೊದಲು ನಕ್ಕ. "ಮಹಾಲಯದ ದಿನ ಮುಳುಗದು ಬೇಡ ಮಾರಾಯ್ತಿ, ನಂಗೆ ಅವತ್ತೇ ಕೆಲಸ ಜಾಸ್ತಿ" ಅಂದ. ಅವಳು ನಗಲಿಲ್ಲ. ಆ ವರ್ಷ ಮಾವಿನ ಮಿಡಿ ಬಂದಾಗ ಉಪ್ಪಿನಕಾಯಿ ಹಾಕಲಿಲ್ಲ. ಯಾಕೆ ಎಂದರೆ, "ಯಾರು ತಿನ್ನಕ್ಕೆ?" ಎಂದಳು. ಮಿಡಿ ಉಪ್ಪಿಗೆ ಹಾಕದ ಮಲೆನಾಡಿನ ಹೆಂಗಸಿಗೆ ಮುಂದಿನ ವರ್ಷದ ಮೇಲೆ ನಂಬಿಕೆ ಹೋಗಿದೆ ಎಂದೇ ಅರ್ಥ. ಆಗಲೇ ಕೂರಿಸಿಕೊಂಡು ಮಾತಾಡಬೇಕಿತ್ತು. ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಗಾದೆ ಅಡುಗೆಯವರಿಗೂ ಅನ್ವಯಿಸುತ್ತದೆ, ಏನು ಮಾಡುವುದು?

ಅವರಿಗೊಬ್ಬಳೇ ಮಗಳು, ತನ್ಮಯಿ. ಕೊಪ್ಪದ ಔಷಧಿ ಅಂಗಡಿಯೊಂದರಲ್ಲಿ ಕೆಲಸ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಮಾತು ಮೆಣಸಿನಕಾಯಿ, ಮನಸ್ಸು ಬೆಣ್ಣೆ. ಅವಳು ಅಮ್ಮನ ಜೊತೆ ವಾದಕ್ಕೆ ನಿಂತಳು. "ಅಮ್ಮ, ನೀರು ಗುಡ್ಡದ ಬುಡಕ್ಕೆ ಬಂದ್ರೆ ಮೊದ್ಲು ಓಡದು ನಿನ್ನ ದೊಡ್ಡಣ್ಣನೇ. ಶೆಡ್ಡಿನ ಹಿಂದೆ ಜೀಪು ನಿಲ್ಸ್ಕೊಂಡಿದಾನೆ, ನಾನೇ ನೋಡಿದೀನಿ." ಇಂಥ ಮಾತಿಗೆ ಯಾವ ಭಕ್ತೆ ಮನಸ್ಸು ಬದಲಿಸಿದ್ದಾಳೆ? ತಾಯಿ ಮಗಳ ನಡುವೆ ಮಾತು ಕಡಿಮೆಯಾಗಿ, ಕೊನೆಗೆ ಅನ್ನಕ್ಕೆ ಬಾ ಎನ್ನುವಷ್ಟು ಮಾತ್ರ ಉಳಿಯಿತು. ಒಂದು ಬೆಳಿಗ್ಗೆ ಅದೂ ನಿಂತಿತು. ನಾಗವೇಣಿ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಎನ್.ಆರ್. ಪುರದ ಬಸ್ಸು ಹತ್ತಿದ್ದಳು.

ಈ ಸಲದ್ದೇ ಕೊನೆಯ ಮಹಾಲಯ ಎಂದು ದೊಡ್ಡಣ್ಣ ಅಪ್ಪಣೆ ಕೊಡಿಸಿದ್ದು ಅದಾದ ಮೇಲೆ. ಗುಡ್ಡಕ್ಕೆ ಬಾರದ ಮನೆಯವರೆಲ್ಲ ಮುಳುಗುವವರೇ. ಮುಳುಗಿದ ಮೇಲೆ ಅವರಿಗೆ ಎಳ್ಳುನೀರು ಬಿಡಲು ಪುರುಸೊತ್ತು ಸಿಗಲಿಕ್ಕಿಲ್ಲ. ಆದ್ದರಿಂದ ಈಗಲೇ ಬಿಟ್ಟು ಋಣ ಹರಿದುಕೊಳ್ಳಿ ಎಂದನಂತೆ. ಹೆಂಗಸರೂ ಸಾಲಾಗಿ ನಿಂತು ಹಿನ್ನೀರಿಗೆ ಎಳ್ಳು ಬಿಟ್ಟರು. ನಮ್ಮಲ್ಲಿ ಹೆಂಗಸರು ಬಿಡುವುದಿಲ್ಲ, ಬದುಕಿದ್ದವರಿಗಂತೂ ಯಾರೂ ಬಿಡುವುದಿಲ್ಲ. ಅಲ್ಲಿ ಕೇಳುವವರು ಯಾರು!

ಸುದ್ದಿಯನ್ನು ನಾಗವೇಣಿಯೇ ಫೋನು ಮಾಡಿ ತಿಳಿಸಿದಳು. ಅವಳ ಗುಣವೇ ಅದು, ಕದ್ದು ಮುಚ್ಚಿ ಮಾಡಿದವಳಲ್ಲ. ರಮಣಣ್ಣ ಯಾರದೋ ಮನೆಯ ಹಿತ್ತಿಲಲ್ಲಿ ವಡೆ ಕರಿಯುತ್ತಿದ್ದ.

"ನಿಮ್ಗೆ ಎಳ್ಳುನೀರು ಬಿಟ್ಟೆ. ಹೇಳ್ದೆ ಇರದು ಸರಿಯಲ್ಲ ಅಂತ ಹೇಳ್ತಿದೀನಿ."

ಅವನಿಗೆ ಎದೆ ಒಡೆಯಬೇಕಿತ್ತು, ಇಲ್ಲವೇ ಸಿಟ್ಟು ಬರಬೇಕಿತ್ತು. ಎರಡೂ ಆಗಲಿಲ್ಲ. ಬಾಯಿಂದ ಬಂದದ್ದು ಅಭ್ಯಾಸದ ಮಾತು.

"ಊಟಕ್ಕೆ ಎಂತ ಮಾಡಿದ್ರಿ?"

"ಅವಲಕ್ಕಿ."

"ಬರೀ ಅವಲಕ್ಕಿಯಾ?"

ಅವಳು ಫೋನು ಇಟ್ಟಳು. ಅವನು ವಡೆ ತಿರುವಿ ಹಾಕಿದ. ಅಂದಿನಿಂದ ಅವನೊಳಗೆ ಏನೋ ಮರಗಟ್ಟಿ ಹೋಯಿತು. ಕೆಲಸ ಬಿಡಲಿಲ್ಲ, ಊಟ ಬಿಡಲಿಲ್ಲ, ನಿದ್ದೆಯೂ ಬರುತ್ತಿತ್ತು. ಓಣಿಯ ಜನ ಕನಿಕರದಿಂದ ನೋಡಿದರೆ ಆ ನೋಡಿದವರ ಮನೆಯಲ್ಲೇ ಯಾರಿಗೇನಾಯಿತೋ ಎನ್ನುವಂತೆ ತಾನೇ ತಿರುಗಿ ನೋಡುತ್ತಿದ್ದ. ದುಃಖವಾಗುತ್ತಿಲ್ಲವಲ್ಲ ಎನ್ನುವುದೇ ಅವನಿಗೆ ನಾಚಿಕೆಯಾಗಿತ್ತು.

ಮಹಾಲಯ ಬಂತು. ರಮಣಣ್ಣ ಮೂರು ಮನೆಯ ಅಡುಗೆ ಮುಗಿಸಿ ಸಂಜೆ ತುಂಗೆಯ ದಡಕ್ಕೆ ಹೋಗಿ ಕುಳಿತ. ಮೀನುಗಳು ಯಾತ್ರಿಕರು ಎಸೆದ ಮಂಡಕ್ಕಿಗೆ ಬಾಯಿ ಬಿಡುತ್ತಿದ್ದವು. ನೀರು ಮೆಟ್ಟಿಲಿನಿಂದ ಒಂದು ಬೆರಳೂ ಮೇಲೇಳಲಿಲ್ಲ. ತನ್ಮಯಿ ಬಂದು ಪಕ್ಕದಲ್ಲಿ ಕುಳಿತು, "ಆಯ್ತಲ್ಲ ಅಪ್ಪ, ಇನ್ನು ಬತ್ತಾಳೆ ಬಿಡು" ಎಂದಳು. ಊರೂ ಹಾಗೇ ಅಂದುಕೊಂಡಿತು. ಲೋಕ ಮುಳುಗಲಿಲ್ಲವೆಂದ ಮೇಲೆ ಮನುಷ್ಯ ಮನೆಗೆ ಬರಲೇಬೇಕಲ್ಲ.

ವಾರ ಕಳೆದರೂ ಬರಲಿಲ್ಲ. ನಮ್ಮ ಪ್ರಾರ್ಥನೆಯಿಂದ ಸ್ವಲ್ಪ ದಿನ ಮುಂದೆ ಹೋಗಿದೆ ಎಂದು ದೊಡ್ಡಣ್ಣ ಹೇಳಿದ್ದನಂತೆ. ರಮಣಣ್ಣನೇ ಎನ್.ಆರ್. ಪುರಕ್ಕೆ ಹೋದ. ಗುಡ್ಡದ ಗೇಟಿನ ಬಳಿ ನಾಗವೇಣಿ ಬಂದು ನಿಂತಳು. ಹಣೆ ಬೋಳು, ಕತ್ತು ಬೋಳು. ಗಂಡನಿಗೆ ಎಳ್ಳು ಬಿಟ್ಟ ಕೈಯಲ್ಲೇ ಮಾಂಗಲ್ಯವನ್ನೂ ನೀರಿಗೆ ಬಿಟ್ಟಿದ್ದಳು. ಅವಳನ್ನು ಹಾಗೆ ನೋಡಿದಾಗ ತಾನು ನಿಜವಾಗಿ ಸತ್ತಿದ್ದೇನೆ ಎಂದು ಅವನಿಗೆ ಒಂದು ಕ್ಷಣ ಅನ್ನಿಸಿತು.

"ಮನೆಗೆ ಹೋಗನ" ಎಂದ.

"ಹ್ಯಾಂಗೆ ಬರದು? ಸತ್ತವ್ರ ಜೊತೆ ಸಂಸಾರ ಮಾಡಕ್ಕಾಗ್ತದಾ?" ಎಂದಳು. ಚುಚ್ಚುವ ದನಿಯಲ್ಲ. ನಿಜವಾಗಿ ದಾರಿ ಕಾಣದೆ ಕೇಳಿದ ಪ್ರಶ್ನೆ.

ಬೇರೆ ಯಾರಾದರೂ ಆಗಿದ್ದರೆ ಪೊಲೀಸರಿಗೆ ಹೇಳುತ್ತಿದ್ದರು, ಡಾಕ್ಟರಿಗೆ ತೋರಿಸುತ್ತಿದ್ದರು, ಇಲ್ಲವೇ ತೋಳು ಹಿಡಿದು ಎಳೆದು ತರುತ್ತಿದ್ದರು. ರಮಣಣ್ಣ ಬಾಳೆಲ್ಲ ಕರ್ಮದ ಒಲೆ ಹೊತ್ತಿಸಿದವನು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು, ಕರ್ಮದಿಂದ ಆದದ್ದು ಕರ್ಮದಿಂದಲೇ ಸರಿಯಾಗಬೇಕು ಎಂದು ಅವನ ಲೆಕ್ಕ. ಸತ್ತನೆಂದು ತಿಳಿದು ಕ್ರಿಯೆ ಮಾಡಿದವನು ಬದುಕಿ ಬಂದರೆ ಅವನಿಗೆ ಮತ್ತೆ ಹುಟ್ಟಿನಿಂದ ಎಲ್ಲ ಸಂಸ್ಕಾರ ಮಾಡಿ, ಅದೇ ಹೆಂಡತಿಯ ಜೊತೆ ಮತ್ತೆ ಮದುವೆ ಮಾಡುವ ಕ್ರಮ ಇದೆ ಎಂದು ಅಡುಗೆಮನೆಯಲ್ಲಿ ಪುರೋಹಿತರ ಬಾಯಿಂದ ಕೇಳಿ ಬಲ್ಲ. ಅದನ್ನೇ ಹೇಳಿದ.

"ಹಂಗೆ ಮಾಡಿದ್ರೆ ನೀವು ಹೊಸಬ್ರು ಆಗ್ತೀರಾ?"

"ಪೂರ್ತಿ ಹೊಸಬ."

"ಹಳೇದು ಯಾವ್ದೂ ಇರದಿಲ್ವಾ?"

"ಇರದಿಲ್ಲ."

"ಹಾಂಗಾದ್ರೆ ಮದುವೆ ದಿನ ಬತ್ತೆ" ಎಂದಳು. ರಮಣಣ್ಣನಿಗೆ ಅಷ್ಟೇ ಸಾಕಾಗಿತ್ತು. ಹೆಂಡತಿ ಮನೆಗೆ ಬರಬೇಕು, ಅವನಿಗೆ ಬೇಕಾದದ್ದು ಅದೊಂದೇ.

ಊರಿನ ಪುರೋಹಿತ ಲಕ್ಷ್ಮೀಶ ಜೋಯಿಸರು ಮೊದಲು ತಲೆ ಚಚ್ಚಿಕೊಂಡರು. "ಎಂತ ಹುಚ್ಚೋ ನಿಂದು! ಅವಳು ಬಿಟ್ಟಿದ್ದು ಎಳ್ಳುನೀರೇ ಅಲ್ಲ, ನೀ ಸತ್ತೂ ಇಲ್ಲ, ಎಂತಕ್ಕೆ ಹುಟ್ಟದು?" ಎಂದರು. ಆಮೇಲೆ ರಮಣಣ್ಣನ ಮುಖ ನೋಡಿ, ಆಯ್ತು ಎಂದರು. ಶಾಸ್ತ್ರದಲ್ಲಿ ತುಪ್ಪದ ಕೊಡದಲ್ಲಿ ಕೂರಿಸಿ ಎತ್ತಬೇಕಂತೆ. ಆಳು ಕೂರುವ ಕೊಡ ಎಲ್ಲಿಂದ ತರುವುದು? ಅವನದೇ ಸಾರಿನ ಕೊಪ್ಪರಿಗೆಯನ್ನು ಅಂಗಳಕ್ಕೆ ಉರುಳಿಸಿ, ನೀರು ತುಂಬಿ, ಮೇಲೆ ಒಂದು ಸೌಟು ತುಪ್ಪ ಬಿಟ್ಟರು. ಅರ್ಧ ಶತಮಾನ ದಾಟಿದ ಗಂಡಸು ಮೊಣಕಾಲನ್ನು ಎದೆಗೆ ಒತ್ತಿಕೊಂಡು ಅದರೊಳಗೆ ಕುಳಿತ. ಓಣಿಯ ಕಿಟಕಿಗಳೆಲ್ಲ ತೆರೆದವು. ನಗಲಿ ಬಿಡಿ, ನಗುವಂಥದ್ದೇ.

ತನ್ಮಯಿಗೆ ಇದೆಲ್ಲ ಒಂದಿಷ್ಟೂ ಸರಿಬಂದಿರಲಿಲ್ಲ. ಆದರೂ ರಜೆ ಹಾಕಿ, ಟವೆಲು ಹಿಡಿದು ನಿಂತಿದ್ದಳು. ಜೋಯಿಸರು ಅವನನ್ನು ಎತ್ತಿ ಹೊರಗೆ ನಿಲ್ಲಿಸಿದಾಗ, "ಅಳು ಅಪ್ಪ, ಹುಟ್ಟಿದ ಕೂಡ್ಲೆ ಅಳ್ಬೇಕು. ಅಳದಿದ್ರೆ ಮಗೀಗೆ ಎಂತೋ ಆಗಿದೆ ಅಂತಾರೆ" ಎಂದಳು. ಹೇಳುತ್ತ ಹೇಳುತ್ತ ಅವಳ ಕಣ್ಣೇ ತುಂಬಿತು. ಅವನು ಪ್ರಯತ್ನ ಮಾಡಿದ. ಅಳು ಬರಲಿಲ್ಲ. ಜೋಯಿಸರು ಕಿವಿಯಲ್ಲಿ ಹಳೆಯ ಹೆಸರನ್ನೇ ಹೊಸದಾಗಿ ಇಟ್ಟರು. ಜೇನು ನೆಕ್ಕಿಸಿದರು, ಅನ್ನ ಮುಟ್ಟಿಸಿದರು, ಜನಿವಾರ ಹಾಕಿದರು. ಊಟದ ಹೊತ್ತಿಗೆ ಅವನು ಮದುವೆಯ ವಯಸ್ಸಿಗೆ ಬಂದಿದ್ದ.

ಮದುವೆ ಮರುದಿನ. ನಾಗವೇಣಿ ಹೇಳಿದ ಮಾತಿಗೆ ತಪ್ಪದೆ ಬೆಳಗಿನ ಬಸ್ಸಿಗೆ ಬಂದಳು, ಒಂಟಿಯಾಗಿ. ಜೋಯಿಸರ ಹೆಂಡತಿ ತಲೆ ಬಾಚಿ, ಕುಂಕುಮ ಇಟ್ಟು, ಹೂವು ಮುಡಿಸಿದರು. ತನ್ಮಯಿ ಅಮ್ಮನಿಗೆಂದು ಕೊಪ್ಪದಿಂದ ತಂದಿಟ್ಟಿದ್ದ ಹಸಿರು ಸೀರೆಯನ್ನು ಅವರ ಕೈಯಲ್ಲೇ ಕಳಿಸಿದಳು, ಅಮ್ಮ ಉಟ್ಟುಕೊಂಡಳು. ಅರಿಶಿನದ ಕೊಂಬು ಕಟ್ಟಿದ ದಾರವನ್ನು ರಮಣಣ್ಣ ಕಟ್ಟಿದ. ಎಷ್ಟೋ ಕಾಲದ ಮೇಲೆ ಅವನೊಳಗೆ ಎಲ್ಲೋ ಬೆಚ್ಚಗಾದ ಹಾಗಾಯಿತು. ಇನ್ನೇನು ಎಲ್ಲ ಮೊದಲಿನಂತಾಗುತ್ತದೆ ಎಂದು ಅವನು ಮನಸಾರೆ ನಂಬಿದ.

ಊಟಕ್ಕೆ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದರು. ಬೇರೆ ಅಡುಗೆಯವರನ್ನು ಕರೆಸಿದ್ದರು. ಪಾಯಸಕ್ಕೆ ಏಲಕ್ಕಿ ಸಾಲದು ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡ. ನಾಗವೇಣಿ ತಲೆ ತಗ್ಗಿಸಿ, ಅವನಿಗೆ ಮಾತ್ರ ಕೇಳುವಂತೆ ಮಾತಾಡಿದಳು. ದನಿಯಲ್ಲಿ ಹಳೆಯ ಅಕ್ಕರೆ ಇತ್ತು.

"ನೀರು ಏಳದು ಎಳ್ಳಮಾಸೆಗೆ ಅಂತ ನಿಶ್ಚಯ ಆಗಿದೆ. ನೀವೀಗ ಹೊಸಬ್ರು ಅಲ್ದಾ, ಹಳೇ ಪಾಪ ಎಂತದೂ ಇಲ್ಲ. ದೊಡ್ಡಣ್ಣನ ಹತ್ರ ಅತ್ತು ಕೇಳ್ಕೊಂಡಿದೀನಿ. ಕರ್ಕೊಂಡು ಬಾ ಅಂದ್ರು. ಸಂಜೆ ಬಸ್ಸಿಗೆ ಹೋಗನ."

ಅವನ ಕೈ ಎಲೆಯ ಮೇಲೇ ನಿಂತಿತು. ಇವಳು ಮನೆಗೆ ಬಂದದ್ದಲ್ಲ. ತನ್ನನ್ನು ಮುಳುಗಲು ಬಿಡದೆ ಎತ್ತಿಕೊಂಡು ಹೋಗಲು ಬಂದದ್ದು. ಅವಳ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಪ್ರೀತಿ ಇಲ್ಲ ಎಂದು ಅವನಿಗೆ ಅರ್ಥವಾಯಿತು. ಎದುರು ಪಂಕ್ತಿಯಲ್ಲಿ ತನ್ಮಯಿ ಸೆರಗು ಸಿಕ್ಕಿಸಿಕೊಂಡು ಅನ್ನ ಬಡಿಸುತ್ತಿದ್ದಳು.

"ಕೂಸಿನ ಕಥೆ?" ಎಂದ.

ನಾಗವೇಣಿ ಮಗಳ ಕಡೆ ನೋಡಲಿಲ್ಲ. ಬಂದಾಗಿನಿಂದ ಒಮ್ಮೆಯೂ ನೋಡಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು.

"ಅವತ್ತು ನಿಮ್ಗೆ ಬಿಟ್ಟಾಗ್ಲೇ ಅವ್ಳಿಗೂ ಬಿಟ್ಟೆ" ಎಂದಳು. "ನಿಮ್ಗೆ ಹೇಳಕ್ಕೆ ಬಾಯಿ ಬರ್ಲಿಲ್ಲ."

ತನ್ಮಯಿ ಈ ಪಂಕ್ತಿಗೆ ಬಂದಳು. ಅಮ್ಮನ ಎಲೆಯ ಮುಂದೆ ಬಗ್ಗಿ, "ಇನ್ನೊಂಚೂರು ಹಾಕ್ಲಾ ಅಮ್ಮ?" ಎಂದಳು. ನಾಗವೇಣಿ ಎಲೆಗೆ ಕೈ ಅಡ್ಡ ಹಿಡಿದಳು. ರಮಣಣ್ಣ, "ನಂಗೆ ಹಾಕು" ಎಂದ. ಹಾಕಿದಷ್ಟನ್ನೂ ಉಂಡ. ರುಚಿ ಗೊತ್ತಾಗಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿಗೆ ಅವನೇ ಚೀಲ ಹಿಡಿದುಕೊಂಡು ಹೋದ. ನಾಗವೇಣಿ ಕಿಟಕಿಯ ಪಕ್ಕ ಕುಳಿತು, ಬದಿಯ ಸೀಟಿನ ಮೇಲೆ ಕೈಯಿಟ್ಟು ಅವನಿಗಾಗಿ ಕಾದಳು. ಬೇರೆಯವರು ಕೂರಲು ಬಂದರೆ, "ಜನ ಇದಾರೆ" ಎಂದಳು. ಕಂಡಕ್ಟರು ವಿಸಿಲು ಹೊಡೆದ. ರಮಣಣ್ಣ ಚೀಲವನ್ನು ಕಿಟಕಿಯಿಂದ ಒಳಗೆ ಕೊಟ್ಟ. ತಾನು ಹತ್ತಲಿಲ್ಲ. ಬಸ್ಸು ತಿರುಗುವವರೆಗೂ ಅವಳ ಕೈ ಆ ಸೀಟಿನ ಮೇಲೇ ಇತ್ತು.

ಮನೆಗೆ ಬಂದಾಗ ತನ್ಮಯಿ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅವನ ಹಿಂದೆ ಯಾರೂ ಇಲ್ಲದ್ದನ್ನು ನೋಡಿದಳು. ಇನ್ನೊಂದು ಪಾತ್ರೆ ತಿಕ್ಕಿದಳು. ಆಮೇಲೆ ತಡೆಯಲಾರದೆ ಕೇಳಿದಳು.

"ನನ್ನ ಬಗ್ಗೆ ಎಂತಾರೂ ಕೇಳಿದ್ಲಾ ಅಪ್ಪ?"

"ಕೇಳಿದ್ಲು" ಎಂದ ರಮಣಣ್ಣ. "ಹಸಿರು ಸೀರೆ ಚೆನಾಗಿದೆ, ಕೂಸಿಗೆ ಹೇಳಿ ಅಂದ್ಲು."