ಗುರಾಣಿಯ ಬಲಕ್ಕೆ ದೀಪ

ಮಂಗಳವಾರ ಬೆಳಿಗ್ಗೆ ಡಬ್ಲಿನ್ನಿನ ಒಂದು ಚಿತ್ರಶಾಲೆಯಲ್ಲಿ, ನನ್ನ ಗೆಳೆಯ ಮೈಸೂರಿನ ನಾಗರಾಜ್ ತಮಗಾಗಿ ಬರೆಸಿದ, ಗುರಾಣಿಯ ಆಕಾರದ ಮನೆತನದ ಲಾಂಛನದ ಕರಡು ಚಿತ್ರಕ್ಕೆ ಒಪ್ಪಿಗೆ ಕೊಡಬೇಕಿತ್ತು. ಒಪ್ಪಿದ ಮೇಲೆ ಅದು ಚರ್ಮದ ಹಾಳೆಗೆ ಏರುತ್ತದೆ, ಮತ್ತೆ ತಿದ್ದುವಂತಿಲ್ಲ. ಅವರ ತಾಯಿ ಶಾರದಮ್ಮನವರೂ ಬಂದಿದ್ದರು.

ಗುರಾಣಿಯ ಬಲಕ್ಕೆ ಮೈಸೂರು ಮನೆಯ ದೀಪ, ಎಡಕ್ಕೆ ಮಗ ಈಗ ವಾಸವಿರುವ ಡನ್ ಲಿಯರಿ ಬಂದರಿನ ಲಂಗರು ಇರಬೇಕೆಂದು ಶಾರದಮ್ಮ ಮೊದಲೇ ಹೇಳಿಸಿದ್ದರು. ಕರಡಿನಲ್ಲಿ ದೀಪ ಎಡಕ್ಕೆ ಕಾಣುತ್ತಿತ್ತು.

"ಎಲ್ಲಾ ಎಡಕ್ಕೆ ಮಾಡೋಕೆ ಇದೇನು ತಿಥಿಯೇನೋ? ನಾನು ಒಪ್ಪಲ್ಲ" ಎಂದರು ಅವರು.

"ಗ್ರಾಂಡಾಗೇ ಇದೆಯಲ್ಲಮ್ಮ" ಎಂದರು ನಾಗರಾಜ್, ದನಿ ತಗ್ಗಿಸಿ.

ನಾಗರಾಜರಿಂದ ವಿಷಯ ತಿಳಿದ, ಲಾಂಛನ ಬರೆಯುವ ಕಲಾವಿದೆ ಎದ್ದು ಬಂದು ಕರಡನ್ನು ಗುರಾಣಿಯಂತೆ, ಚಿತ್ರ ಹೊರಮುಖವಾಗಿ, ಶಾರದಮ್ಮನವರ ಎದೆಗೆ ಆನಿಸಿ ಹಿಡಿದರು. ಲಾಂಛನದಲ್ಲಿ ಎಡ ಬಲ ಎಣಿಸುವುದು ನೋಡುವವರ ಕಡೆಯಿಂದಲ್ಲ, ಗುರಾಣಿ ಹಿಡಿದವರ ಕಡೆಯಿಂದ ಎಂದರು. ನಾಗರಾಜ್ ಅದನ್ನು ಕನ್ನಡದಲ್ಲಿ ಹೇಳಿದರು. ಶಾರದಮ್ಮ ತಲೆ ಬಗ್ಗಿಸಿ, ಬಲಗೈಯಿಂದ ದೀಪವನ್ನು ಮುಟ್ಟಿ ನೋಡಿದರು.

"ಅಯ್ಯೋ, ನನ್ನ ಬಲಕ್ಕೇ ಇದೆ! ಬೇಗ ಹೂಂ ಅನ್ನೋ, ಆಯಮ್ಮ ಬದಲಾಯಿಸಿಬಿಟ್ಟಾರು."

ನಾಗರಾಜ್ ನಕ್ಕು ಒಪ್ಪಿಗೆ ಕೊಟ್ಟರು. ನಾವು ಹೊರಡುವಾಗ ಕಲಾವಿದೆ ಚರ್ಮದ ಹಾಳೆಯ ಮೇಲೆ ದೀಪದ ಕುಡಿಯನ್ನು ಬರೆಯುತ್ತಿದ್ದರು.