ಗೋಡೆಯ ಕಡೆಗೆ ಅಂಟಿಸಿದ ಪಟ್ಟಿ

ಆ ಡಿಸೆಂಬರಿನಲ್ಲಿ ನನ್ನ ಗಂಡ ಕದ್ದು ಕುಡಿದಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆರು ವರ್ಷ ಸುಮ್ಮನಿದ್ದೇನೆ.

'ಗೊತ್ತಿತ್ತು' ಎಂದು ಬರೆದ ಕೂಡಲೇ ನನ್ನ ಮೇಲೆಯೇ ಅನುಮಾನ — ಯಾವಾಗಿನಿಂದ? ಕದ್ದು ಕುಡಿದೆ ಎಂಬ ಮಾತನ್ನು ಅವನ ಮುಖದ ಮೇಲೆ ಎಸೆದಾಗಲೇ? ಅಥವಾ ಎಂಟು ದಿನ ಕಳೆದ ಮೇಲೆ? ಡೈರಿ ಒಂದು ಹೇಳುತ್ತದೆ, ನೆನಪು ಇನ್ನೊಂದು. ಎರಡನ್ನೂ ಬರೆದವಳು ನಾನೇ. ಹಾಗಾಗಿ ಎರಡನ್ನೂ ಪೂರ್ತಿ ನಂಬಲಾರೆ.

ಲಾರೆನ್ಸ್ ಆಗ ಹುದಿಕೇರಿ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಪಿಕಿಂಗ್ ಚೀಲಗಳ ತೂಕ. ನಾನು ಶಾಲೆಯ ಟೀಚರ್. ಮದುವೆಯಾದ ಏಳು ವರ್ಷವೂ ಅವನು ಕುಡಿದ. ಆ ವರ್ಷ, ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಧ್ಯಾನಕೂಟದಲ್ಲಿ ಶಿಲುಬೆ ಮುಟ್ಟಿ ಕುಡಿತ ಬಿಟ್ಟ. ಬಿಟ್ಟ ಅಂದರೆ — ಆಸೆ ಹೋಗಲಿಲ್ಲ. ದಿನಾ ಸಂಜೆ ಕೆಲಸ ಮುಗಿಯುವ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಜೊತೆಯವರು ಬ್ರಾಂದಿ ಅಂಗಡಿಯ ಕಡೆ ಹೊರಡುತ್ತ ಕೂಗುತ್ತಿದ್ದರು: "ಏನ್ ರೈಟರೇ, ಸನ್ಯಾಸಿ ಆಗ್ಬಿಟ್ರಾ? ಒಂದ್ ಪೆಗ್ಗಿಗೆಲ್ಲ ಪರಲೋಕದ ಗೇಟು ಹಾಕಲ್ಲ, ಬನ್ನಿ ಮಾರಾಯ್ರೇ!" ಅವನು ನಕ್ಕು, ಆಳುಗಳ ಲೈನಿನ ಮನೆಗಳ ಪಕ್ಕದ ಪುಟ್ಟ ಚಾಪೆಲ್‌ಗೆ ಹೋಗಿ ಜಪಸರ ಹಿಡಿದು ಕೂರುತ್ತಿದ್ದ. ಏನು ಬೇಡುತ್ತೀಯ ಎಂದು ಒಮ್ಮೆ ಕೇಳಿದ್ದೆ. "ಇವತ್ತಿನ ಸಂಜೆ ಒಂದ್ ದಾಟಿಸು ಸ್ವಾಮಿ, ನಾಳೆದು ನಾಳೆ ಕೇಳ್ತೀನಿ ಅಂತ. ಜಾಸ್ತಿ ಕೇಳಿದ್ರೆ ಅವನಿಗೂ ಬೇಜಾರಲ್ವಾ?"

ಹೀಗೆ ಒಂಬತ್ತು ತಿಂಗಳು ದಾಟಿದ.

ಅವನ ಶೋಧನೆ, ಆ ಸೆಳೆತ, ಐದೂವರೆಗೆ ಬಂದರೆ ನನ್ನದು ಆರೂವರೆಗೆ, ಅವನು ಮನೆಯೊಳಗೆ ಕಾಲಿಟ್ಟ ಕ್ಷಣಕ್ಕೆ. ಅವನು ಮೈ ತೊಳೆಯಲು ಹೋದರೆ ಬಿಚ್ಚಿಟ್ಟ ಅಂಗಿ ಮೂಸುತ್ತಿದ್ದೆ. ಬೆವರು, ಕಾಫಿ ಹಣ್ಣಿನ ಸಿಪ್ಪೆಯ ಹುಳಿ — ಅಷ್ಟೇ. ಏನೂ ಸಿಗದ ದಿನ ಸಮಾಧಾನವಾಗಬೇಕಿತ್ತಲ್ಲ? ಆಗುತ್ತಿರಲಿಲ್ಲ. ಇದನ್ನು ಫಾದರ್ ಎದುರಿನ ಪಾಪನಿವೇದನೆಯಲ್ಲಿ ಎಂದೂ ಹೇಳಲಿಲ್ಲ. ಪಾಪ ಅನ್ನಿಸಿರಲೇ ಇಲ್ಲ; ಹೆಂಡತಿಯ ಜಾಗರೂಕತೆ ಅಂದುಕೊಂಡಿದ್ದೆ.

ನಮ್ಮಲ್ಲಿ ಕ್ರಿಸ್‌ಮಸ್ ಅಂದರೆ ಮನೆ ವೈನ್. ನವೆಂಬರ್ ಕೊನೆಗೆ ಕಪ್ಪು ದ್ರಾಕ್ಷಿ, ಸಕ್ಕರೆ, ಗೋಧಿ ಹಾಕಿ ಜಾಡಿ ಕಟ್ಟಿಟ್ಟು, ದಿನಾ ಮರದ ಸೌಟಿನಲ್ಲಿ ತಿರುವಿ, ಹಬ್ಬಕ್ಕೆ ಮುಂಚೆ ಸೋಸುವುದು. ಬಂದವರಿಗೆ ಕೇಕಿನ ಜೊತೆ ಒಂದು ಪುಟ್ಟ ಲೋಟ ಕೊಡದಿದ್ದರೆ ಅವಮಾನ. ಆ ವರ್ಷ ನಮ್ಮ ಮನೆಯಲ್ಲಿ ಹಾಕದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೂ ಹಾಕಿದೆ. "ಫಾದರ್ ಬರ್ತಾರೆ, ವೈನ್ ಇಲ್ದೆ ಹೇಗೆ?" ಎಂದೆ.

"ಹಾಕು ಗ್ರೇಸಿ. ನನ್ನ ಕಣ್ಣಿಗೆ ಬೀಳದಲ್ಲಿ ಇಡು, ಅಷ್ಟೇ."

ಅವನ ಬೂಟು, ಜರ್ಕಿನ್ ಇರುವ ಉಗ್ರಾಣದಲ್ಲಿ ಇಟ್ಟೆ. ಭರಣಿಯಲ್ಲಲ್ಲ, ಗಾಜಿನ ಜಾಡಿಯಲ್ಲಿ. ಮೂರನೆಯ ದಿನ ರಸ ನಿಂತಿದ್ದ ಮಟ್ಟಕ್ಕೆ ಸರಿಯಾಗಿ ಗಾಯಕ್ಕೆ ಹಾಕುವ ಪಟ್ಟಿಯೊಂದನ್ನು ಅಂಟಿಸಿ, ಆ ಬದಿಯನ್ನು ಗೋಡೆಗೆ ತಿರುಗಿಸಿದೆ. ಫಾದರ್ ನೆಪ. ಅವನನ್ನು ಪರೀಕ್ಷೆಗೆ ಒಡ್ಡಲೆಂದೇ ಆ ವೈನ್ ಹಾಕಿದ್ದೆ. ಈ ವಾಕ್ಯ ಬರೆಯಲು ಆರು ವರ್ಷ ಬೇಕಾಯಿತು.

ಎರಡು ವಾರಕ್ಕೆ ರಸ ಪಟ್ಟಿಗಿಂತ ಎರಡು ಬೆರಳು ಕೆಳಗಿತ್ತು.

ಅವತ್ತು ಅವನು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದಾಗಲೇ ಕೇಳಿದೆ: "ಎಷ್ಟು ದಿನದಿಂದ?"

"ಏನು ಎಷ್ಟು ದಿನದಿಂದ?"

ಜಾಡಿ ತಂದು ತಿರುಗಿಸಿ ತೋರಿಸಿದೆ. ಅವನು ವೈನ್ ನೋಡಲಿಲ್ಲ, ಪಟ್ಟಿಯನ್ನೇ ನೋಡಿದ. "ಓ. ಗುರುತು ಹಾಕಿಟ್ಟಿದ್ದೀಯ," ಅಂದ. ಆಮೇಲೆ ಬಹಳ ಮೆಲ್ಲಗೆ, "ನಾನು ಮುಟ್ಟಿಲ್ಲ."

"ಬಾಯಿ ತೆಗಿ," ಎಂದೆ.

ತೆಗೆದ. ಮಕ್ಕಳು ಡಾಕ್ಟರ ಮುಂದೆ ತೆಗೆಯುವ ಹಾಗೆ. ವಾಸನೆ ಇತ್ತೆಂದು ಡೈರಿಯಲ್ಲಿ ಬರೆದಿದ್ದೇನೆ. ನನ್ನ ಮೂಗಿಗೆ ಇಂದಿಗೂ ನೆನಪಿರುವುದು ಬರೀ ಅವನು ಜಗಿಯುತ್ತಿದ್ದ ಅಡಿಕೆ. ಹಾಗಿದ್ದರೆ ಡೈರಿಯಲ್ಲಿ ಯಾಕೆ ಹಾಗೆ — ಯಾರು ಓದಲೆಂದು?

"ವಾಸನೆ ಬರದ ಹಾಗೆ ಕುಡಿಯೋದು ನಿನಗೆ ಚೆನ್ನಾಗಿ ಗೊತ್ತು."

ಜೇಬಿನಿಂದ ಜಪಸರ ತೆಗೆದು ಮೇಜಿನ ಮೇಲಿಟ್ಟು ಹೊರಟುಹೋದ. ಎರಡು ಗಂಟೆ ಕಳೆದ ಮೇಲೆ ಕುಡಿದು ತೂಗಾಡುತ್ತಿದ್ದ ಅವನನ್ನು ಲೈನಿನ ಇಬ್ಬರು ಹಿಡಿದುಕೊಂಡು ಬಂದು ಬಿಟ್ಟರು. ಆ ಹೊತ್ತಿನಲ್ಲಿ ನನಗಾದದ್ದು ದುಃಖ ಮಾತ್ರವಲ್ಲ. ನಾನು ಹೇಳಿದ್ದೇ ಸರಿಯಾಯಿತು ಎಂಬ ಒಂದು ಬೆಚ್ಚನೆಯ ಸಮಾಧಾನವೂ ಇತ್ತು. 'ದೇವರು ಬಯಲಿಗೆ ತಂದ' ಎಂದು ಬರೆದಿದ್ದೇನೆ, ದುಂಡಗಿನ ಅಕ್ಷರದಲ್ಲಿ.

ಎಂಟು ದಿನದ ನಂತರ ವೈನ್ ಸೋಸಲು ಪಕ್ಕದ ಮನೆಯ ಸೆಲಿನಕ್ಕ ಬಂದರು. ಪಟ್ಟಿ ಕಂಡು ಇದೇನೆಂದು ಕೇಳಿದರು. ರಸದ ಅಳತೆಗೆ ಎಂದೆ. ಅವರು ನಕ್ಕುಬಿಟ್ಟರು. "ಅಯ್ಯೋ ಟೀಚರೇ, ಮೊದಲು ನೊರೆ ಬಂದು ಹಣ್ಣೆಲ್ಲ ಉಬ್ಬಿ ಮೇಲೆ ನಿಂತಿರುತ್ತೆ. ಆಮೇಲೆ ತಳಕ್ಕೆ ಕೂರುತ್ತೆ, ತಾನೇ ಇಳಿಯುತ್ತೆ. ನಿಮ್ಮಮ್ಮ ಹೇಳ್ಕೊಟ್ಟಿಲ್ವಾ?"

ಅಮ್ಮ ಪ್ರತಿ ವರ್ಷ ಹಾಕುತ್ತಿದ್ದರು. ಸೌಟು ತಿರುವುತ್ತಿದ್ದವಳು ನಾನೇ. ಇಳಿಯುವುದನ್ನು ನಾನು ನೋಡದೇ ಇರಲು ಸಾಧ್ಯವೇ? ಮರೆತಿದ್ದೆನೋ, ಮರೆಯಲು ಒಪ್ಪಿಕೊಂಡಿದ್ದೆನೋ —

ಏನೇ ಇರಲಿ, ಅಂದು ಗೊತ್ತಾಯಿತು. ಒಳಗಿನ ಕೋಣೆಯಲ್ಲಿ ಅವನು ಮಲಗಿದ್ದ. ಹತ್ತು ಹೆಜ್ಜೆ. ಹೋಗಿ ಹೇಳಲಿಲ್ಲ. ಅವನು ಮತ್ತೆ ಹನ್ನೊಂದು ತಿಂಗಳು ಕುಡಿದ, ರೈಟರ್ ಕೆಲಸ ಕಳೆದುಕೊಂಡ. ಆಮೇಲೆ ತಾನೇ ಎದ್ದು ಚಾಪೆಲ್‌ಗೆ ನಡೆದ, ಅದೇ ಒಂದು ಸಂಜೆಯ ಪ್ರಾರ್ಥನೆಯಿಂದ ಮತ್ತೆ ಶುರುಮಾಡಿದ. ಐದು ವರ್ಷವಾಯಿತು. ಈಗ ಬೇರೆಯವರ ತೋಟದಲ್ಲಿ ಮೆಣಸಿನ ಬಳ್ಳಿ ನೋಡಿಕೊಳ್ಳುತ್ತಾನೆ.

ಪ್ರತಿ ಧ್ಯಾನಕೂಟದಲ್ಲೂ, ಕುಡಿತ ಬಿಟ್ಟದ್ದರ ಸಾಕ್ಷಿ ಹೇಳಲು ಅವನನ್ನು ಕರೆಯುತ್ತಾರೆ. "ಮೊದಲ ಸಲ ಬಿಟ್ಟಾಗ ನಾನು ಮನೆಯ ವೈನ್ ಕದ್ದು ಕುಡಿದು ಜಾರಿದೆ," ಎನ್ನುತ್ತಾನೆ. ಮೂರನೆಯ ಸಾಲಿನಲ್ಲಿ ಕೂತ ನನ್ನ ಕೈಯನ್ನು ಹೆಂಗಸರು ಹಿಡಿದು, "ನಿನ್ನ ತಾಳ್ಮೆಯೇ ಅವನನ್ನು ಉಳಿಸಿದ್ದು," ಎನ್ನುತ್ತಾರೆ. ನಾನು ಕೈ ಬಿಡಿಸಿಕೊಂಡದ್ದಿಲ್ಲ.

ಅವನು ಅದನ್ನು ನಿಜವಾಗಿ ನಂಬಿದ್ದಾನೆಯೇ? ನಾನು ಅಷ್ಟು ಖಚಿತವಾಗಿ ಹೇಳಿದ್ದರಿಂದ ಅವನ ನೆನಪೇ ತಿರುಗಿತೇ? ಅಥವಾ ಎಲ್ಲ ತಿಳಿದು, ಅಷ್ಟು ಜನರ ಮುಂದೆ ನನ್ನ ಮಾನ ಕಾಯುತ್ತಿದ್ದಾನೆಯೇ? ನೋಡಿ — ಈಗಲೂ ಅವನನ್ನೇ ಶಂಕಿಸುತ್ತಿದ್ದೇನೆ. ಆರೂವರೆಯ ಆಸೆ ನನ್ನನ್ನು ಬಿಟ್ಟಿಲ್ಲ. ಅಂಗಿ ಕೈಗೆ ಬಂದಾಗ ಅವನ ಪ್ರಾರ್ಥನೆಯನ್ನೇ ಹೇಳಿ, ಮೂಸದೆ ಬಕೆಟ್ಟಿಗೆ ಹಾಕುತ್ತೇನೆ. ಹಲವು ಸಲ ಗೆದ್ದಿದ್ದೇನೆ. ಕಳೆದ ಮಂಗಳವಾರ ಸೋತೆ.

ಬರುವ ಭಾನುವಾರ ಅವನು ಮತ್ತೆ ಸಾಕ್ಷಿ ಹೇಳಬೇಕು. ಮಾಡದ ಪಾಪವನ್ನು ಇನ್ನೊಮ್ಮೆ ಶಿಲುಬೆಯ ಮುಂದೆ ಹೊರಲು ಬಿಡಲಾರೆ. ಈ ಹಾಳೆಗಳನ್ನು ಅವನಿಗೆ ಕೊಡುವುದಿಲ್ಲ. ಬರೆಯುವಾಗ ನಾನು ಯಾವಾಗಲೂ ನನ್ನನ್ನು ತುಸು ಒಳ್ಳೆಯವಳನ್ನಾಗಿ ಮಾಡಿಕೊಳ್ಳುತ್ತೇನೆ. ಇವತ್ತು ಅವನು ತೋಟದಿಂದ ಬಂದು ಕೂತ ಮೇಲೆ ಎದುರು ನಿಂತು ಬಾಯಿಂದಲೇ ಹೇಳಬೇಕು: ನೀನು ಆ ವೈನ್ ಕುಡಿದಿರಲಿಲ್ಲ, ನನಗೆ ಗೊತ್ತಿತ್ತು. ಆಮೇಲೆ ಅವನು ಏನು ಕೇಳಿದರೂ ಉತ್ತರ ಕೊಡಬೇಕು. ಏನೂ ಕೇಳದಿದ್ದರೂ ಅಲ್ಲಿಂದ ಕದಲಬಾರದು.