ಮೈಲಾರವ್ವನ ಏಳನೆಯ ಹುಡೇವು

೧೯೮೪ರಲ್ಲಿ ನನಗೆ ಕೋಟಿಹಾಳದ ಶಾಲೆಗೆ ವರ್ಗವಾಯಿತು. ಶಲವಡಿಯಲ್ಲಿ ಬಸ್ಸಿಳಿದು ಒಂದು ತಾಸು ಎರೆಹೊಲದ ದಾರಿ ತುಳಿದರೆ ಸಿಗುವ ಊರು. ಧಾರವಾಡದ ಪೇಟೆಯಲ್ಲಿ ಬೆಳೆದ ನನಗೆ ಮೊದಲ ವಾರವೆಲ್ಲ ಸಿಟ್ಟೇ ಸಿಟ್ಟು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗೆ ಮಾತೂ ಬರುತ್ತಿತ್ತು, ಜಗಳವೂ ಬರುತ್ತಿತ್ತು. ಮನೆ ಬಾಡಿಗೆಗೆ ಕೊಟ್ಟ ಮಡಿವಾಳೆಪ್ಪಗೌಡರ ಜೊತೆ, ಮಣ್ಣು ಹೊದಿಸಿದ ಅದರ ಚಪ್ಪಟೆ ಮಾಳಿಗೆ ನೋಡಿದ ಕೂಡಲೇ ಶುರುಮಾಡಿದೆ.

"ಬರೇ ಮಣ್ಣಿನ ಮಾಳಗಿ ಐತಲ್ರಿ. ಮಳಿಗಾಲದಾಗ ಸೋರಿದ್ರ ನನ್ನ ಪುಸ್ತಕದ ಗತಿ ಏನು?"

"ಸೋರೂದಿಲ್ರಿ ಮಾಸ್ತರ," ಎಂದರು ಗೌಡರು. "ಮೈಲಾರವ್ವ ನಾಲಗಿ ಹಚ್ಚಿ ನೋಡಿದ ಮಣ್ಣೈತಿ."

ಹುಚ್ಚರ ಊರಿಗೆ ಬಂದೆನೇ ಎನಿಸಿತು. ಆದರೆ ಆ ಮಳೆಗಾಲದಲ್ಲಿ ನನ್ನ ಪುಸ್ತಕದ ಮೇಲೆ ಒಂದು ಹನಿ ಬೀಳಲಿಲ್ಲ. ಆಮೇಲೆ ನಾನಾಗಿಯೇ ಅವಳನ್ನು ಹುಡುಕಿಕೊಂಡು ಹೋದೆ.

ಮೈಲಾರವ್ವ ಕುರುಬರ ಓಣಿಯವಳು. ವಯಸ್ಸು ಐವತ್ತೈದರ ಆಸುಪಾಸು. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳು ಫಕೀರವ್ವನನ್ನು ಸಂಶಿಗೆ ಕೊಟ್ಟಿದ್ದಳು. ಊರ ಮಗ್ಗುಲಿನ ಹಾಳು ಕೋಟೆಯಲ್ಲಿ ಹತ್ತು ಆಡು ಮೇಯಿಸಿಕೊಂಡಿದ್ದಳು. ಅವಳ ಅಸಲು ಕಸುಬು ಮಾತ್ರ ಮಣ್ಣಿನ ರುಚಿ ನೋಡುವುದು. ಮಾಳಿಗೆಗೆ ಎಲ್ಲೆಂದರಲ್ಲಿಯ ಮಣ್ಣು ನಡೆಯುವುದಿಲ್ಲ, ಸವಳು ಮಣ್ಣೇ ಬೇಕು. ಉಪ್ಪಿನಂಶವಿದ್ದರೆ ಹುಲ್ಲು ಹುಟ್ಟುವುದಿಲ್ಲ, ನೀರು ಕೆಳಗಿಳಿಯುವುದಿಲ್ಲ. ಹಳೆಯ ಕೋಟೆಯ ಮಣ್ಣಿನಲ್ಲಿ ಆ ಉಪ್ಪು ಹದವಾಗಿರುತ್ತದೆಯಂತೆ. ಪ್ರತಿವರ್ಷ ಜೂನ್ ಮೊದಲಿಗೆ ಬರುವ ಮಿರಗದ ಮಳೆಗೆ ಮುಂಚೆ ಎಲ್ಲರೂ ಮಾಳಿಗೆಗೆ ಹೊಸ ಮಣ್ಣು ಹಾಕಬೇಕು. ಎಲ್ಲಿ ಅಗೆಯಬೇಕೆಂದು ಹೇಳುವವಳು ಇವಳು. ಒಂದು ಹೆಂಟೆ ಎಬ್ಬಿಸಿ, ಚಿಟಿಕೆ ಮಣ್ಣನ್ನು ನಾಲಗೆಯ ಮೇಲಿಟ್ಟು, ಕಣ್ಣು ಮುಚ್ಚಿ, ಉಗುಳಿ, "ಹಾಕ್ರಿ" ಇಲ್ಲವೇ "ಬ್ಯಾಡ್ರಿ" ಎನ್ನುವಳು. ಮೂವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಇದಕ್ಕಾಗಿ ಅವಳಿಗೆ ಸಲ್ಲುತ್ತಿದ್ದದ್ದು ಒಂದೇ ಮಾನ. ಅಗೆದ ಮಣ್ಣಿನ ಮೊದಲ ಚಕ್ಕಡಿ ಅವಳ ಮಾಳಿಗೆಗೆ ಹೋಗಬೇಕು. ಗೌಡರ ಮಾಳಿಗೆಗೂ ಆಮೇಲೆಯೇ.

ಸಂಕ್ರಾಂತಿಯ ಮರುವಾರ ಏಳನೆಯ ಇಯತ್ತೆಯ ಮಕ್ಕಳನ್ನು ಕೋಟೆ ತೋರಿಸಲು ಕರೆದುಕೊಂಡು ಹೋದೆ. ಆರುನೂರು ವರ್ಷ ಹಿಂದಿನದು ಎಂದು ಊರಲ್ಲಿ ಹೇಳುತ್ತಿದ್ದರು, ಕಟ್ಟಿದವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ನಾನು ರಾತ್ರಿಯೆಲ್ಲ ಓದಿ ತಯಾರಾಗಿದ್ದೆ. ಹೋಗಿ ನೋಡಿದರೆ ಜಾಲಿ ಗಿಡ, ತಗ್ಗು, ಮತ್ತೆ ಜಾಲಿ ಗಿಡ. ನನಗೆ ತೋರಿಸಲು ಏನೂ ಉಳಿಯದಿದ್ದಾಗ ಆಡಿನ ಹಿಂದೆ ಬಂದ ಮೈಲಾರವ್ವ ತಾನೇ ಮುಂದಾದಳು. ಕೊತ್ತಳಕ್ಕೆ ಈ ಕಡೆ ಹುಡೇವು ಎನ್ನುತ್ತಾರೆ. ಕೋಟಿಹಾಳದ ಕೋಟೆಗೆ ಏಳು ಹುಡೇವು ಇದ್ದವು.

"ಇದು ಮೊದಲನೇದು," ಎಂದು ಒಂದು ತಗ್ಗು ತೋರಿಸಿದಳು. "ಈಗ ಗೌಡ್ರ ಮನಿ ಮ್ಯಾಲೈತಿ. ಎರಡನೇದು ಮಠದ ಮ್ಯಾಲೆ. ಮೂರನೇದು ಮಶಾಕಸಾಬರ ಓಣಿ ಪೂರ್ತಿ. ನಾಕನೇದು ನಮ್ಮ ಓಣಿ ಮ್ಯಾಲೆ. ಐದನೇದು ನಿಮ್ಮ ಸಾಲಿ ಮ್ಯಾಲೆ ಐತ್ರೆಪಾ."

"ಹಂಗಾರ ಕ್ವಾಟಿ ಎಲ್ಲೈತಿ ಆಯೀ?" ಎಂದಳು ಒಬ್ಬ ಹುಡುಗಿ.

"ನಿನ್ನ ತಲಿ ಮ್ಯಾಲೈತಲ್ಲಬೇ!"

ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಊರವರೆಲ್ಲ ಸೇರಿ ಕೋಟೆಯನ್ನು ತಿಂದು ತೇಗಿದ್ದೀರಿ ಎಂದು ಬೈದೆ. ಮೈಲಾರವ್ವ ತಣ್ಣಗೆ ಹೇಳಿದಳು: "ನಿಮ್ಮ ಪುಸ್ತಕ ಆರನೇದರ ಬುಡಕ ಕುಂತಾವ್ರಿ ಮಾಸ್ತರ."

ಏಳನೆಯದು ಮಾತ್ರ ನಿಂತಿತ್ತು. ಮೂಡಣ ಬದಿಗೆ ಕಲ್ಲಿನ ಹೊದಿಕೆ ಹಾಗೆಯೇ ಇತ್ತು, ಒಳಗೆ ಹನ್ನೊಂದು ಮೆಟ್ಟಿಲು. ಮೇಲೆ ಹತ್ತಿದ ಮಕ್ಕಳು ಶಲವಡಿಯ ದಾರಿಯನ್ನು ನೋಡಿ ಕೂಗಾಡಿದರು. ಅಲ್ಲಿಯವರೆಗೆ ಅವರಿಗೆ ಕೋಟೆಯೆಂದರೆ ಏನೆಂದು ಗೊತ್ತಾಗಿರಲಿಲ್ಲ. ಕೆಳಗೆ ನೆರಳಿನಲ್ಲಿ ನಿಂತ ಮೈಲಾರವ್ವ ಅವರನ್ನೇ ನೋಡುತ್ತಿದ್ದಳು.

"ಆರೂ ನನ್ನ ನಾಲಗಿ ಮ್ಯಾಲಿಂದನ ಹೋಗ್ಯಾವ್ರಿ," ಎಂದಳು. "ನಾ ಹಾಕ್ರಿ ಅಂದೆ, ಅವರು ಹಾಕಿದ್ರು. ಒಂದರ ಹೆಸರ ಹೇಳಿ ಅತ್ತಾಕಿ ಅಲ್ಲ ನಾ. ಆದ್ರ ಇದೊಂದು ಹೋತಂದ್ರ ಇಲ್ಲೊಂದು ಕ್ವಾಟಿ ಇತ್ತು ಅಂತ ಹೇಳಾಕ ನಾನ ಒಬ್ಬಾಕಿ ಉಳೀತೇನಿ. ನಾ ಹ್ವಾದ ಮ್ಯಾಲೆ?"

ಆ ವರ್ಷದ ಬೇಸಿಗೆಗೆ ಆರನೆಯ ಹುಡೇವಿನ ತಗ್ಗಿನಲ್ಲಿ ಮಣ್ಣು ಮುಗಿದು ಬಂಡೆ ಹತ್ತಿತು. ಮೇ ತಿಂಗಳ ಒಂದು ಮುಂಜಾನೆ ಗೌಡರು, ಅವರ ಹಿಂದೆ ಹನ್ನೆರಡು ಚಕ್ಕಡಿ, ಏಳನೆಯದರ ಮುಂದೆ ಬಂದು ನಿಂತರು. ರಜೆಗೆ ಊರಿಗೆ ಹೋಗದೆ ಉಳಿದಿದ್ದ ನಾನೂ ನೋಡಲು ಹೋದೆ. ತಡೆಯಬೇಕೆಂದು ಮನಸ್ಸಿತ್ತು, ಆದರೆ ನನ್ನ ಮಾಳಿಗೆಗೂ ಮಣ್ಣು ಬೇಕಿತ್ತಲ್ಲ! ಯಾವ ಬಾಯಿಂದ ಬೇಡ ಎನ್ನಲಿ?

ಮೈಲಾರವ್ವ ಬಂದಳು. ಹೆಂಟೆ ಎಬ್ಬಿಸಿ ಕೊಟ್ಟರು. ಚಿಟಿಕೆ ಮಣ್ಣು ನಾಲಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ಎಂದಿಗಿಂತ ಹೆಚ್ಚು ಹೊತ್ತು ಹಾಗೆಯೇ ನಿಂತಳು. ಆಮೇಲೆ ಉಗುಳಿದಳು.

"ಸಪ್ಪಗೈತಿ. ಬ್ಯಾಡ್ರಿ."

"ಖರೇನ?" ಎಂದರು ಗೌಡರು. "ಆರರಾಗ ಉಪ್ಪಿತ್ತು, ಏಳನೇದರಾಗ ಇಲ್ಲೇನು?"

"ಇದನ್ನ ಹಾಕಿದ್ರ ಶ್ರಾವಣಕ್ಕ ಮಾಳಗಿ ಮ್ಯಾಲೆ ಆಡು ಮೇಸಬಹುದ್ರಿ. ನಿಮ್ಮಿಷ್ಟ."

ಯಾರೂ ಮತ್ತೊಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳಲಿಲ್ಲ. ನಾಟಿ ವೈದ್ಯ ನಾಡಿ ಹಿಡಿದ ಮೇಲೆ ಮಗ್ಗುಲಲ್ಲಿದ್ದವರು ಕೈ ಹಾಕುತ್ತಾರೆಯೇ? ಗೊಣಗುತ್ತ ಚಕ್ಕಡಿ ತಿರುಗಿಸಿದರು. ಎರಡು ಹರದಾರಿ ಆಚೆ ಬೆಣ್ಣಿಹಳ್ಳದ ದಂಡೆಯಲ್ಲಿ ಸವಳು ಮಣ್ಣಿತ್ತು. ದೂರವೆಂದು ಯಾರೂ ಅತ್ತ ಹೋಗುತ್ತಿರಲಿಲ್ಲ. ಇನ್ನು ಹೋಗಲೇಬೇಕಾಯಿತು.

ಎಲ್ಲರೂ ಹೋದ ಮೇಲೆ ನಾನು ಆ ಹೆಂಟೆಯಿಂದ ಚಿಟಿಕೆ ಮಣ್ಣು ತೆಗೆದು ನಾಲಗೆಗೆ ಹಚ್ಚಿದೆ. ಉಪ್ಪೆಂದರೆ ಉಪ್ಪು. ತಲೆಯೆತ್ತಿದರೆ ಮೈಲಾರವ್ವ ನನ್ನನ್ನೇ ನೋಡುತ್ತಿದ್ದಳು.

"ಹೆಂಗೈತ್ರಿ ಮಾಸ್ತರ?"

ಮೂವತ್ತು ವರ್ಷದಲ್ಲಿ ಅವಳಾಡಿದ ಮೊದಲ ಸುಳ್ಳು ಅದು, ನನ್ನ ಒಂದು ಮಾತಿನಲ್ಲಿ ಬಯಲಾಗುತ್ತಿತ್ತು.

"ಸಪ್ಪಗೈತಿ," ಎಂದೆ.

ಅವಳು ಹೂಂ ಎಂದು ಆಡುಗಳ ಕಡೆ ನಡೆದಳು. ನನಗೆ ಆ ದಿನವೆಲ್ಲ ಖುಷಿಯೋ ಖುಷಿ. ಒಂದು ಕೋಟೆಯನ್ನೇ ಗೆದ್ದುಕೊಟ್ಟೆನೆಂದು ಬೀಗಿದೆ. ಅದರ ಬೆಲೆ ಯಾರು ತೆರಬೇಕೆಂದು ಯೋಚಿಸಲಿಲ್ಲ.

ಹಳ್ಳದ ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಕಣ್ಣಿಗೇ ಕಾಣುತ್ತದೆ, ಅದಕ್ಕೆ ಯಾರ ನಾಲಗೆಯೂ ಬೇಕಾಗಿಲ್ಲ. ದಾರಿ ದೂರ, ಎತ್ತಿಗೆ ದಣಿವು, ಮಳೆ ಬೇರೆ ಹತ್ತಿರ ಬಂತು. ಪ್ರತಿಯೊಬ್ಬರೂ ತಮ್ಮ ತಮ್ಮ ಮಾಳಿಗೆಗೆ ಸಾಕಾಗುವಷ್ಟು ತಂದುಕೊಂಡರು. ಮೊದಲ ಚಕ್ಕಡಿ ಯಾರಿಗೆ ಸಲ್ಲಬೇಕೆಂಬುದು ಯಾರ ನೆನಪಿಗೂ ಬರಲಿಲ್ಲ. ನನ್ನ ಮಾಳಿಗೆಗೂ ಮಣ್ಣು ಬಂತು. ನಾನೂ ಮರೆತೆ.

ಜುಲೈನಲ್ಲಿ ಎಂಟು ದಿನ ಬಿಡದೆ ಜಡಿಮಳೆ ಹಿಡಿಯಿತು. ಫಕೀರವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಗಂಡು ಹೆತ್ತಿದ್ದಳು. ಒಂಬತ್ತನೆಯ ದಿನ ಮಳೆ ಸ್ವಲ್ಪ ತಗ್ಗಿದ ಮಧ್ಯಾಹ್ನ ಕೂಸನ್ನು ನೋಡಿ ಬರೋಣವೆಂದು ಹೋದೆ. ಹೊಸ್ತಿಲು ದಾಟಿದವನು ಅಲ್ಲೇ ನಿಂತೆ. ಕೊಡ, ಪರಾತ, ಬೋಗುಣಿ ಮನೆ ತುಂಬ. ತೊಟ್ಟಿಲನ್ನು ಜಂತಿಯಿಂದ ಜಂತಿಗೆ ಮೂರು ಸಲ ಕಟ್ಟಿ ಬಿಚ್ಚಿದ್ದರು.

"ನೋಡ್ರಿ ಮಾಸ್ತರ," ಎಂದಳು ಫಕೀರವ್ವ, "ಊರ ಮಂದಿಗೆಲ್ಲ ಮಣ್ಣು ತೋರಿಸಿದಾಕಿ ಮನಿನ ಸೋರಾಕ ಹತ್ತೇತಿ. ಓಣ್ಯಾಗ ನಗತಾರ. ಎದುರಿಗೆ ಹುಡೇವು ಐತಿ, ಸಪ್ಪಗಿದ್ರ ಇರಲಿ, ನಾಕ ಪುಟ್ಟಿ ತಂದ ಹಾಕಬೇ ಅಂದ್ರ ಕೇಳವಲ್ಲಳು." ಅಷ್ಟು ಹೇಳಿ ಒಲೆಯ ಮೇಲಿನ ನೀರು ನೋಡಲು ಒಳಗೆ ಹೋದಳು.

ನನಗೆ ನನ್ನ ಮೇಲೆಯೇ ಹೇಸಿಕೆಯಾಯಿತು. ಹಳ್ಳಕ್ಕೆ ಹೋಗುವ ಮಾತೇ ಇರಲಿಲ್ಲ. ಎರೆಯ ದಾರಿಯಲ್ಲಿ ಚಕ್ಕಡಿ ಗಾಲಿಯ ನಡುವಿನ ಗುಂಬದವರೆಗೆ ಹೂತುಹೋಗುತ್ತಿತ್ತು. ದನಿ ತಗ್ಗಿಸಿ ಹೇಳಿದೆ: "ಯವ್ವಾ, ಆ ಮಣ್ಣಾಗ ಉಪ್ಪೈತಿ ಅನ್ನೂದು ನನಗ ಗೊತ್ತು, ನಿನಗ ಗೊತ್ತು. ತೊಟ್ಟಲ ಮ್ಯಾಗಿಂದಷ್ಟ ಮುಚ್ಚೂಣು. ಯಾರೂ ನೋಡೂದಿಲ್ಲ, ನಾನ ಹೊತ್ತ ತರತೇನಿ. ಒಂದ ಪುಟ್ಟಿ."

ಮೈಲಾರವ್ವ ತುಂಬಿದ ಬೋಗುಣಿಯನ್ನು ಹೊರಗೆ ಚೆಲ್ಲಿ ಬಂದು ಮತ್ತೆ ಅದರ ಜಾಗದಲ್ಲಿಟ್ಟಳು. ಕೂಸಿನ ಹಣೆಯ ಮೇಲೆ ಬಿದ್ದ ಹನಿಯನ್ನು ಸೆರಗಿನಿಂದ ಒರೆಸಿದಳು.

"ಒಂದ ಪುಟ್ಟಿ ಅಂತೀರಿ," ಎಂದಳು. "ಆರು ಹುಡೇವೂ ಒಂದೊಂದ ಪುಟ್ಟೀಲೆನ ಹೋಗ್ಯಾವ್ರಿ ಮಾಸ್ತರ."

ಅವಳು ತೊಟ್ಟಿಲಿನ ಹಗ್ಗ ಬಿಚ್ಚತೊಡಗಿದಳು. ನಾನು ಒಂದು ತುದಿ ಹಿಡಿದೆ, ಅವಳು ಇನ್ನೊಂದು ತುದಿ ಹಿಡಿದಳು. ಕೂಸು ಎಚ್ಚರಗೊಳ್ಳದಂತೆ ಮೆಲ್ಲಗೆ ಎತ್ತಿ, ಬಾಗಿಲ ಹತ್ತಿರದ ಜಂತಿಗೆ ಕಟ್ಟಿದೆವು.